ಹಾಲಿನ ಪುಡಿಯ ಡಬ್ಬಿ

ಸೊಹಾರಿನಲ್ಲಿ ಶುಕ್ರವಾರ, ಇಶಾ ನಮಾಜು ಮುಗಿದ ಮೇಲೆ
ಟಯರ್ ಅಂಗಡಿಯ ಮಾಳಿಗೆಯಲ್ಲಿ
ಸಂಘದ ಅಧ್ಯಕ್ಷನನ್ನು ಇಳಿಸುವ ಸಭೆ.
ಮಡಚುವ ಕುರ್ಚಿ ಎಂಬತ್ತು, ಬಂದವರು ತೊಂಬತ್ತೊಂದು.
ಹೋದ ತಿಂಗಳ ಕವಿಗೋಷ್ಠಿಗೆ ಬಂದದ್ದು ಹದಿನಾಲ್ಕು,
ಅದರಲ್ಲಿ ಒಂಬತ್ತು ಕವಿಗಳೇ.

ಮತಪೆಟ್ಟಿಗೆಗೆ ಹಾಲಿನ ಪುಡಿಯ ಡಬ್ಬಿ,
ಮುಚ್ಚಳಕ್ಕೆ ಬ್ಲೇಡಿನಲ್ಲಿ ಸೀಳಿದ ಬಾಯಿ.
ಎಣಿಸುವವನು ನಾನು.
ಲೆಕ್ಕ ನೋಡುವವನಿಗೆ ಪಕ್ಷವಿಲ್ಲವೆಂದು
ಎರಡೂ ಕಡೆಯವರು ಒಪ್ಪಿದ್ದಾರೆ.
ನಾನೂ ಒಪ್ಪಿದವನಂತೆ ಕೂತಿದ್ದೇನೆ.

ಆರೋಪ ಒಂದೇ ಸಾಲು:
ಸಮಿತಿಯನ್ನು ಕೇಳದೆ ನಾನೂರ ಹನ್ನೆರಡು ರಿಯಾಲ್ ತೆಗೆದದ್ದು.
ನಿಜ.
ಹಿಡಿದದ್ದು ನನ್ನದೇ ಪೆನ್ಸಿಲ್ಲು.
ಕುಷ್ಟಗಿಯ ಯಮನೂರಪ್ಪ ಸಾರುವೆಯಿಂದ ಬಿದ್ದು ಸತ್ತಾಗ
ಕಂಪನಿ ಫೋನೆತ್ತಲಿಲ್ಲ. ಶವಾಗಾರದಲ್ಲಿ ಹನ್ನೊಂದು ದಿನ.
ಖಜಾಂಚಿ ರಜೆಯ ಮೇಲೆ ಕುಂದಾಪುರದಲ್ಲಿ.
ಬಂಗೇರ ಚೆಕ್ಕಿಗೆ ಸಹಿ ಹಾಕಿ
ಪಕ್ಕದಲ್ಲಿ ಖಜಾಂಚಿಯ ಸಹಿಯನ್ನೂ ತಾನೇ ಹಾಕಿ
ಪೆಟ್ಟಿಗೆಯನ್ನು ವಿಮಾನಕ್ಕೇರಿಸಿದ.
ಅದೂ ನಿಜ.

ಮಥಾಯಸ್ ಎದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು:
"ವ್ಯಕ್ತಿಯ ಮೇಲೆ ದ್ವೇಷವಿಲ್ಲ. ಇದು ತತ್ವದ ಪ್ರಶ್ನೆ."
ಏಳು ಮತದಿಂದ ಸೋತ ರಾತ್ರಿ, ಕೆಳಗೆ ಪಾರ್ಕಿಂಗಿನಲ್ಲಿ,
ಇದೇ ಬಾಯಿ ಅಂದಿತ್ತು:
"ಆರು ತಿಂಗಳು. ನೋಡ್ತಾ ಇರಿ."
ಆಗ ಯಮನೂರಪ್ಪ ಬದುಕಿದ್ದ,
ದಿನಾ ಸಾರುವೆ ಹತ್ತುತ್ತಿದ್ದ.
ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ,
ಇಲ್ಲಿ ಹೆಣ ಬೀಳುವ ಮುಂಚೆ.

ಹಾಗಂತ
ಕಳ್ಳ ಹಿಡಿದರೆ ತಕ್ಕಡಿ ತಕ್ಕಡಿಯಲ್ಲವೆ?
ಸುಳ್ಳು ಸಹಿ, ಯಾರು ತೋರಿಸಿದರೆ ನಿಜವಾಗುತ್ತದೆ?

ಬಂಗೇರನ ಕಡೆಯವರೂ ಸಂತರಲ್ಲ.
"ಹೆಣದ ಮುಂದೆ ನಿಯಮ ಓದ್ತೀರೇನ್ರೀ" ಎಂದು
ಇವತ್ತು ಮೇಜು ಗುದ್ದಿದವರು
ಹಿಂದಿನ ಅಧ್ಯಕ್ಷ ಹೂವಿನ ಹಾರಕ್ಕೆ ಅರವತ್ತು ರಿಯಾಲ್ ಹೆಚ್ಚು ಬರೆದಾಗ
ಇದೇ ನಿಯಮವನ್ನು ಎದ್ದು ನಿಂತು ಓದಿದ್ದರು,
ಕಲಮು ಉಪಕಲಮು ಸಹಿತ.
ಪುಸ್ತಕ ಅದೇ. ಹಿಡಿದ ಕೈ ಬೇರೆ.

ಇನ್ನು ನಾನು.
ಹೇಳಬಾರದೆಂದಿದ್ದೆ.
ಆ ಅರವತ್ತನ್ನು ಅವರಿಗಿಂತ ಮೊದಲು ಕಂಡವನು ನಾನು.
ಆ ಅಧ್ಯಕ್ಷ ನನ್ನ ತಮ್ಮನಿಗೆ ವೀಸಾ ಕೊಡಿಸಿದವ.
ಪೆನ್ಸಿಲ್ಲು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತು
ಮುಂದಿನ ಪುಟಕ್ಕೆ ಹೋಯಿತು.
ಬಂಗೇರ ನನಗೆ ಏನೂ ಕೊಡಿಸಿರಲಿಲ್ಲ.
ಅವನ ಸಾಲಿನ ಕೆಳಗೆ ಗೆರೆ ನೇರವಾಗಿ ಬಂತು.

ಮಾತಾಡಿ ಅಂದಾಗ ಅವನು ಎದ್ದು ಹೇಳಿದ್ದು ಇಷ್ಟು:
"ಸಹಿ ಹಾಕಿದ್ದು ತಪ್ಪು. ಹೆಣ ಕಳಿಸಿದ್ದು ತಪ್ಪಲ್ಲ."
ಎರಡು ವಾಕ್ಯ,
ಎರಡಕ್ಕೂ ಸೇರಿ ಒಬ್ಬೊಬ್ಬರಿಗೆ ಒಂದೇ ಚೀಟಿ.
ಹಳೆ ಕ್ಯಾಲೆಂಡರು ಕತ್ತರಿಸಿ ಮಾಡಿದ್ದು;
ಒಬ್ಬನ 'ಹೌದಿ'ನ ಬೆನ್ನಿಗೆ ಮಂಗಳವಾರ,
ಇನ್ನೊಬ್ಬನ 'ಇಲ್ಲ'ದ ಬೆನ್ನಿಗೆ ಈದ್ ರಜೆ.

ಐವತ್ತೆರಡು. ಮೂವತ್ತೆಂಟು.
ಒಂದು ಖಾಲಿ.
ಖಾಲಿ ಯಾರದೆಂದು ಯಾರೂ ಕೇಳಲಿಲ್ಲ.
ಅದನ್ನು ನ್ಯಾಯವೆಂದು ಕರೆಯಲು ನನಗೆಷ್ಟು ಆಸೆ!
ಪುಡಿ ಮೆತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು
ಸಂಖ್ಯೆಯನ್ನು ಗಟ್ಟಿಯಾಗಿ ಓದಿದೆ.
ಯಾರೋ ಚಪ್ಪಾಳೆ ತಟ್ಟಲು ಹೋಗಿ ಕೈ ತಡೆದರು.

ಹತ್ತಕ್ಕೆ ಹಾಲು ಖಾಲಿ ಮಾಡದಿದ್ದರೆ ಬಾಡಿಗೆ ಇನ್ನೈದು ರಿಯಾಲ್.
ಇಳಿದ ಅಧ್ಯಕ್ಷ ಅಭ್ಯಾಸದಿಂದ ಕುರ್ಚಿ ಮಡಚತೊಡಗಿದ.
ಮಥಾಯಸ್ ಮೇಜಿನ ಒಂದು ತುದಿ ಹಿಡಿದು ಕಾದ.
ಇನ್ನೊಂದು ತುದಿಗೆ ಬಂಗೇರನೇ ಬಂದ.
ಹಿಂದೊಮ್ಮೆ ಒಂದೇ ಕೋಣೆಯ ಮೇಲಿನ ಕೆಳಗಿನ ಮಂಚ ಅವರದು;
ಮೆಟ್ಟಿಲ ತಿರುವಿನಲ್ಲಿ ಯಾರು ಮೊದಲು ಬಾಗಬೇಕೆಂಬುದು
ಹೇಳದೆಯೇ ಗೊತ್ತಿತ್ತು.

ಮನೆಗೆ ಬಂದು ಹಳೆಯ ಲೆಕ್ಕಪುಸ್ತಕ ತೆಗೆದೆ.
ಹೂವಿನ ಹಾರ, ಅರವತ್ತು.
ಕೆಳಗೆ ಗೆರೆ ಎಳೆದೆ.
ಸ್ಕೇಲಿಟ್ಟೇ ಎಳೆದದ್ದು,
ಸೊಟ್ಟ ಬಂತು.